ಅಬರ್ಡೀನಿನಲ್ಲಿ ನಾನು ಹೇಳಿದ ಸುಳ್ಳು

ಹೊಸಪೇಟೆ

ಹನ್ನೊಂದು ವರ್ಷದ ನರ್ಸ್ ಕೆಲಸದಲ್ಲಿ ಎಷ್ಟು ಅಜ್ಜಿಯರು ನನ್ನನ್ನು ಹೊಡೆದಿದ್ದಾರೆಂದು ಕೇಳಿದರೆ ಹೇಳಲಾರೆ. ನಮ್ಮ ಕಡೆ ಅದೊಂದು ಪದ್ಧತಿ. ಮಗುವಿಗೆ ಸೂಜಿ ಹಾಕಿ ಹತ್ತಿ ಒತ್ತುತ್ತಿರುವಾಗಲೇ ಅಜ್ಜಿ ನನ್ನ ತೋಳಿಗೆ ಮೆಲ್ಲಗೆ ಎರಡು ಬಾರಿಸಿ, "ನೋಡು, ಸಿಸ್ಟರ್‌ಗ ಹೊಡದೆ, ಸುಮ್ಕಾಗು ನನ್ನ ಬಂಗಾರ" ಎನ್ನುತ್ತಾಳೆ. ನಾನು ಅಯ್ಯಯ್ಯೋ ಎಂದು ಮುಖ ಹಿಂಡಬೇಕು. ಸೂಜಿಗೆ ಮೊದಲಿನದು ಇನ್ನೊಂದು ಪದ್ಧತಿ. "ನಿನಗಲ್ಲವ್ವ, ಅಪ್ಪಗ ಹಾಕ್ತಾರ, ನೀ ಬರೇ ನೋಡು" ಎಂದು ನಂಬಿಸಿ ಒಳಗೆ ತರುವುದು, ಆಮೇಲೆ ನಾಲ್ಕು ಜನ ನಾಲ್ಕು ಕಡೆ ಹಿಡಿಯುವುದು. ನನ್ನ ಕೈ ಚುರುಕು ಎಂದು ಹೆಸರಿತ್ತು. ಸಂಡೂರಿನಿಂದಲೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ.

ನೀಲಾ ಕಂಪ್ಲಿಯ ಹುಡುಗಿ, ಏಳು ವರ್ಷ. ಅವಳ ಅಪ್ಪ ಪಂಪಾಪತಿಗೆ ಕಬ್ಬಿನ ಹೊಲವೂ ಬೆಲ್ಲ ಕಾಯಿಸುವ ಆಲೆಮನೆಯೂ ಇವೆ. ಹಿಂದಿನ ವರ್ಷ ಕಬ್ಬು ನುರಿಸುವ ಕಾಲದಲ್ಲಿ ಆ ಹುಡುಗಿ ಕಾಲು ಜಾರಿ, ಬಲಗೈಯನ್ನು ಕುದಿಯುವ ಪಾಕದ ಕೊಪ್ಪರಿಗೆಯ ಅಂಚಿನಲ್ಲಿ ಊರಿಬಿಟ್ಟಳು. ಪಾಕ ನೀರಿನಂತಲ್ಲ, ಅಂಟಿಕೊಳ್ಳುತ್ತದೆ. ನಲವತ್ತು ದಿನ ಅವಳ ಕೈಯ ಕಟ್ಟು ಬಿಚ್ಚಿ ಕಟ್ಟಿದವಳು ನಾನು. ನಲವತ್ತು ದಿನವೂ "ಇವತ್ತು ನೋವಾಗಂಗಿಲ್ಲ" ಎಂದವಳೂ ನಾನೇ. ಅವಳು ಹೆದರಿ ಮುಷ್ಟಿ ಬಿಗಿಹಿಡಿದಳು. ನಾವು ಬಿಡಿಸಿದಷ್ಟೂ ಹಿಡಿದಳು. ಗಾಯ ಮಾಯಿತು, ಮೂರು ಬೆರಳು ಮಡಚಿಕೊಂಡು ಅಂಗೈಗೆ ಅಂಟಿಯೇ ಮಾಯಿತು.

ಆ ಚಳಿಗಾಲದಲ್ಲಿ ಹಂಪಿ ನೋಡಲು ಬಂದಿದ್ದ ಸ್ಕಾಟ್ಲೆಂಡಿನ ಒಬ್ಬ ಸರ್ಜನ್ ಕಮಲಾಪುರದಲ್ಲಿ ಕಬ್ಬಿನ ಹಾಲು ಕುಡಿದು, ಭೇದಿಯಾಗಿ ನಮ್ಮ ನರ್ಸಿಂಗ್ ಹೋಮಿನಲ್ಲಿ ಮೂರು ದಿನ ಮಲಗಿದ್ದರು. ನೀಲಾ ಕೈ ತೋರಿಸಲು ಬಂದವಳು ನನ್ನನ್ನು ಕಂಡೊಡನೆ ಇಡೀ ಕಟ್ಟಡ ನಡುಗುವಂತೆ ಕಿರುಚಿದಳು. ಸರ್ಜನ್ ತಮ್ಮ ಸಲೈನ್ ಕಂಬವನ್ನು ತಾವೇ ತಳ್ಳಿಕೊಂಡು ಹೊರಗೆ ಬಂದರು, ಅವಳ ಕೈ ನೋಡಿದರು. ಸುಟ್ಟ ಕೈಗಳೇ ಅವರ ಕೆಲಸವಂತೆ. ತಮ್ಮ ಆಸ್ಪತ್ರೆಗೆ ಬಂದರೆ ಬೆರಳು ಬಿಡಿಸಬಹುದು ಎಂದರು. ಕಾಗದಪತ್ರಗಳು ಓಡಾಡಿ, ಆರು ವಾರದ ವೀಸಾ ಕೈಗೆ ಬರಲು ಐದು ತಿಂಗಳು ಹಿಡಿಯಿತು. ನೀಲಾಳ ಅವ್ವನಿಗೆ ಹಾಲು ಕುಡಿಯುವ ಕೂಸು. ಪಂಪಾಪತಿಗೆ ಕನ್ನಡ, ತೆಲುಗು ಬಿಟ್ಟು ಬೇರೆ ಬಾರದು. ಅಲ್ಲಿಯವರ ಮಾತನ್ನು ಕನ್ನಡ ಮಾಡಿ ಹೇಳಲು ಜೊತೆಗೆ ನಾನು ಹೋಗುವುದೆಂದು ನಮ್ಮ ಡಾಕ್ಟರು ಹೇಳಿದರು.

"ಆ ಸೂಜಿ ಸಿಸ್ಟರ್ ಬಂದ್ರ ನಾ ಬರಂಗಿಲ್ಲ" ಎಂದಳು ನೀಲಾ.

"ಇಲ್ಲವ್ವ, ವಿಮಾನದ ತನಕ ಅಷ್ಟಾ ಬರ್ತಾರ" ಎಂದು ಪಂಪಾಪತಿ ಹೇಳಿದರು. ನಾನು ಪಕ್ಕದಲ್ಲೇ ನಿಂತು ಹೂಂಗುಟ್ಟಿದೆ. ವಿಮಾನ ಮೇಲಕ್ಕೇರಿದ ಮೇಲೆ ಅವಳು ಹಿಂದಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ನಾನಿದ್ದೆ. ಲಂಡನ್ ಬರುವವರೆಗೆ ಅವಳು ನೀರನ್ನು ಸಹ ನನ್ನ ಕೈಯಿಂದ ಮುಟ್ಟಲಿಲ್ಲ.

ಅಬರ್ಡೀನ್, ಕೆಂಪು ಗೆರೆ

ಅಬರ್ಡೀನ್ ಸಮುದ್ರದ ಪಕ್ಕದ ಊರು. ಇಡೀ ಊರನ್ನು ಬೂದು ಬಣ್ಣದ ಕಲ್ಲಿನಲ್ಲಿ ಕಟ್ಟಿದ್ದಾರೆ. ಮನೆ, ಚರ್ಚು, ಬ್ಯಾಂಕು, ಕಸದ ತೊಟ್ಟಿಯ ಪಕ್ಕದ ಗೋಡೆ ಎಲ್ಲ ಅದೇ ಕಲ್ಲು. "ಹಂಪ್ಯಾಗಿನ ಗುಂಡೆಲ್ಲಾ ಒಡದು ಸಾಲಾಗಿ ಜೋಡ್ಸ್ಯಾರ ನೋಡ್ರಿ" ಎಂದು ಪಂಪಾಪತಿ ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ ಹೇಳಿದರು. ಜೂನ್ ತಿಂಗಳು. ಆದರೂ ಗಾಳಿ ಎಷ್ಟು ತಣ್ಣಗಿತ್ತೆಂದರೆ ನಾನು ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಓಡಾಡಿದೆ. ಅಲ್ಲಿಯವರು ಅರ್ಧ ತೋಳಿನ ಅಂಗಿಯಲ್ಲಿ ನಿಂತು, ಇವತ್ತು ಒಳ್ಳೆಯ ಬಿಸಿಲು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ದೂರದಿಂದ ಬರುವ ಮಕ್ಕಳ ಮನೆಯವರಿಗೆಂದು ಆಸ್ಪತ್ರೆಯ ಹತ್ತಿರವೇ ಒಂದು ಮನೆ ಇತ್ತು. ಅದನ್ನು ನೋಡಿಕೊಳ್ಳುವ ಮುದುಕಿ ಬಾಗಿಲು ತೆರೆದಳು, ನಾವು ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋದೆವು. ಹಿಂದಿರುಗಿ ನೋಡಿದರೆ ಕೆನೆ ಬಣ್ಣದ ಜಮಖಾನೆಯ ಮೇಲೆ ಎರಡು ಕೆಂಪು ಗೆರೆ. ಹೊಸಪೇಟೆಯಲ್ಲಿ ಆಗ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಮರ, ಎಮ್ಮೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ನಾವು ಬಸ್ಸಿಗೆ ಕಾದ ಅರ್ಧ ಗಂಟೆಯಲ್ಲಿ ಪೆಟ್ಟಿಗೆಯ ಗಾಲಿಗಳಲ್ಲಿ ಹೊಕ್ಕ ಧೂಳು ಅದು. ಮುದುಕಿ ಮೊಣಕಾಲೂರಿ ಒದ್ದೆ ಬಟ್ಟೆಯಿಂದ ಒರೆಸಿದಷ್ಟೂ ಗೆರೆ ಅಗಲವಾಯಿತು.

"ಸಂಡೂರು ಗುಡ್ಡ ಅರ್ಧ ಚೀನಾಕ್ಕ ಹೋತು, ಉಳಿದದ್ದು ಈಕಿ ಮನಿಗೆ ಬಂತು" ಎಂದು ಪಂಪಾಪತಿ ತಲೆ ತಗ್ಗಿಸಿದರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ತಾವೇ ಒರೆಸಲು ಕೂತರು. ಮುದುಕಿ ಬೇಡವೆಂದಳು. ಇವರು ಬಿಡಲಿಲ್ಲ. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಒಂದು ಬಟ್ಟೆಯ ಎರಡು ತುದಿ ಹಿಡಿದು ಜಗ್ಗಾಡಿದರು. ನೀಲಾ ಅಂದು ಮೊದಲ ಸಲ ನಕ್ಕಳು. ಆ ಗೆರೆ ನಾವು ಹೊರಡುವ ದಿನದವರೆಗೂ ಅಲ್ಲೇ ಇತ್ತು.

ಆಟದ ಕೋಣೆ

ಮರುದಿನ ಸರ್ಜನ್ ಕೈ ನೋಡಿ ಎರಡು ಮಾತು ಹೇಳಿದರು. ಬೆರಳು ಬಿಡಿಸಿ ಬೇರೆ ಚರ್ಮ ಕೂರಿಸುವುದು ತಮ್ಮ ಕೆಲಸ. ಆಮೇಲೆ ಕಟ್ಟು ಬದಲಿಸುವಾಗ ಬೆರಳು ಬಿಚ್ಚಿಡುವುದು, ದಿನವೂ ಆಡಿಸುವುದು ಅವಳ ಕೆಲಸ. ಅವಳು ಮತ್ತೆ ಹೆದರಿ ಮುಷ್ಟಿ ಹಿಡಿದರೆ ತಾವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಅವಳನ್ನು ಹಿಡಿದು, ಕಟ್ಟಿ ಆಪರೇಷನ್ ಮಾಡುವುದಿಲ್ಲ. ಅವಳಾಗಿಯೇ ಬರಬೇಕು.

ನನಗೆ ಒಳಗೊಳಗೇ ನಗು ಬಂತು. ಏಳು ವರ್ಷದ ಮಗು ತಾನಾಗಿಯೇ ಸೂಜಿಗೆ ಬರುವುದೇ? ನಮ್ಮ ವಾರ್ಡಿನಲ್ಲಿ ಹಾಗೆ ಕಾಯುತ್ತ ಕೂತರೆ ಸಂಜೆಯೊಳಗೆ ಸಾಲು ಬಸ್ ಸ್ಟ್ಯಾಂಡ್ ಮುಟ್ಟುತ್ತದೆ.

ನೀಲಾಳನ್ನು ಮೋರಾಗ್ ಎಂಬಾಕೆಯ ಕೈಗೆ ಒಪ್ಪಿಸಿದರು. ನಲವತ್ತರ ಹೆಂಗಸು. ಕೆಂಚು ಕೂದಲು, ಕಾಲಲ್ಲಿ ಎರಡು ಬಣ್ಣದ ಕಾಲುಚೀಲ. ಆಕೆ ನರ್ಸ್ ಅಲ್ಲ, ಡಾಕ್ಟರ್ ಅಲ್ಲ. ಆಸ್ಪತ್ರೆಗೆ ಬಂದ ಮಕ್ಕಳ ಜೊತೆ ಆಡುವುದೇ ಆಕೆಯ ಕೆಲಸ, ಅದಕ್ಕೆಂದೇ ಓದಿ ಬಂದವಳು. ಆಕೆಯ ಇಂಗ್ಲಿಷ್ ನನಗೆ ಅರ್ಧವೇ ತಿಳಿಯುತ್ತಿತ್ತು. ನನ್ನದು ಆಕೆಗೆ ಎಷ್ಟು ತಿಳಿಯುತ್ತಿತ್ತೋ ದೇವರಿಗೇ ಗೊತ್ತು.

ಮೋರಾಗ್ ನೀಲಾಳ ಕೈಗೆ ಮಡಚುವಂಥ ಸಣ್ಣ ಆಟದ ಯಂತ್ರವೊಂದನ್ನು ಕೊಟ್ಟಳು. ತೆರೆದರೆ ಕನ್ನಡಿಯಂಥ ಪರದೆ, ಕೆಳಗೆ ಬಟನ್‌ಗಳು. ಪರದೆಯ ಮೇಲೆ ಒಂದು ಮೂಗಿಲಿ ಗುಡ್ಡ ಕೊರೆಯುತ್ತ ಬಣ್ಣದ ಕಲ್ಲು ಆರಿಸಬೇಕು. ಮಣ್ಣು ಕುಸಿದರೆ ಆಟ ಮುಗಿಯಿತು. ಪಂಪಾಪತಿ ಬಗ್ಗಿ ನೋಡಿ, "ಮೈನಿಂಗ್ ಮಾಡಾಕತ್ತತಲ್ಲವ್ವ ಇದು! ಪರ್ಮಿಟ್ ಐತೇನು ಕೇಳು" ಎಂದರು. ನೀಲಾ ಕೇಳಿಸಿಕೊಳ್ಳಲಿಲ್ಲ. ಎಡಗೈಯಿಂದ ಮೂಗಿಲಿಯನ್ನು ಓಡಿಸುತ್ತ, ಬಲಗೈಯ ಮಡಚಿದ ಗೆಣ್ಣಿನಿಂದಲೇ ಇನ್ನೊಂದು ಬಟನ್ ಒತ್ತುವುದನ್ನು ಹತ್ತು ನಿಮಿಷದಲ್ಲಿ ಕಲಿತುಬಿಟ್ಟಳು. ಒಂದು ವರ್ಷದಿಂದ ಲಂಗದ ನಿರಿಗೆಯಲ್ಲಿ ಬಚ್ಚಿಟ್ಟಿದ್ದ ಕೈ ಅದು.

ಸಂಜೆ ಮೋರಾಗ್ ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ರಕ್ತ ತೆಗೆಯಬೇಕು, ಅವಳಿಗೆ ಹೀಗೆ ಹೇಳು ಎಂದು ಒಂದೊಂದೇ ವಾಕ್ಯವಾಗಿ ಹೇಳಿದಳು. ಆಟಕ್ಕೆ ಎರಡು ಕೈಯೂ ಬೇಕು, ಅದಕ್ಕೆ ಸೂಜಿ ಪಾದಕ್ಕೆ. ಮೊದಲು ಮುಲಾಮು ಹಚ್ಚಿ ಚರ್ಮವನ್ನು ಜೋಮು ಹಿಡಿಸುತ್ತಾರೆ. ಆದರೂ ಸ್ವಲ್ಪ ನೋಯಬಹುದು. ಬೇಕಾದರೆ ನೋಡಬಹುದು, ಬೇಡವಾದರೆ ಆಡಬಹುದು. ನಿಲ್ಲಿಸಿ ಎಂದರೆ ನಿಲ್ಲಿಸುತ್ತೇವೆ.

ನಾನು ತಲೆಯಾಡಿಸಿದೆ. ಪಂಪಾಪತಿಗೆ ವಿಷಯ ತಿಳಿಸಿದಾಗ ಅವರು ಕೈಮುಗಿದರು. "ಸಿಸ್ಟರ್, ಸೂಜಿ ಅಂತ ಹೇಳಬ್ಯಾಡ್ರಿ. ಈಗ ನಗಾಕತ್ತಾಳ. ಇದೊಂದು ಸಲ ದಾಟಸ್ರಿ."

ದಾಟಿಸುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಸುಳ್ಳು

ಬೆಳಿಗ್ಗೆ ಮೋರಾಗ್ ನೀಲಾಳ ಎದುರು ಕೂತು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡ ಮಾಡಿದೆ. "ಕಾಲಿಗೆ ಮುಲಾಮು ಹಚ್ತಾರವ್ವ, ತಣ್ಣಗಿರ್ತತಿ. ನೀ ಆಟ ಆಡ್ಕಂತ ಕುಂದ್ರು. ಬ್ಯಾರೆ ಏನೂ ಇಲ್ಲ."

"ಅಷ್ಟ ಉದ್ದ ಹೇಳಿದ್ಲು ಆಕಿ?" ಎಂದು ನೀಲಾ ಅನುಮಾನದಿಂದ ನೋಡಿದಳು.

"ಇಂಗ್ಲಿಷ್ ಉದ್ದನವ್ವ" ಎಂದೆ.

ಮೋರಾಗ್, ಅವಳಿಗೆ ಒಪ್ಪಿಗೆಯೇ ಎಂದು ಕೇಳಿದಳು. ಒಪ್ಪಿಗೆ ಎಂದೆ. ಮುಲಾಮು ಹಚ್ಚಿ ಒಂದು ಗಂಟೆಯಾದ ಮೇಲೆ ರಕ್ತ ತೆಗೆಯುವ ನರ್ಸ್ ಬಂದಳು. ಮೂಗಿಲಿ ಗುಡ್ಡದ ಒಳಗೆ ಬಹಳ ಆಳಕ್ಕೆ ಇಳಿದಿತ್ತು. ನಾಲಿಗೆ ಹೊರಗೆ ಚಾಚಿ ನೀಲಾ ಆಡುತ್ತಿದ್ದಳು. ಸೂಜಿ ಪಾದಕ್ಕೆ ಹೋಯಿತು. ಅವಳಿಗೆ ನೋವಾಗಿರಲಿಕ್ಕಿಲ್ಲ, ಈಗಲೂ ನನಗೆ ಹಾಗೆಯೇ ಅನಿಸುತ್ತದೆ. ಆದರೆ ತಣ್ಣಗೆ ಏನೋ ತಗುಲಿ ಅವಳು ಬಗ್ಗಿ ನೋಡಿದಳು.

ಆಮೇಲಿನದು ಹೊಸಪೇಟೆಯಲ್ಲಿ ನಡೆಯುವಂಥದ್ದೇ. ಯಂತ್ರ ಗೋಡೆಗೆ ಬಡಿಯಿತು. ಟ್ರೇ ಉರುಳಿತು. ನೀಲಾ ಮಂಚದ ಕೆಳಗೆ ಹೊಕ್ಕು, "ಸುಳ್ಳಿ! ನೀ ಸುಳ್ಳಿ!" ಎಂದು ಕೂಗಿದಳು. ಅಭ್ಯಾಸಬಲದಿಂದ ನಾನು ಅವಳ ಕಾಲು ಹಿಡಿದೆಳೆಯಲು ಬಗ್ಗಿದೆ. ಅವಳು ನನ್ನ ಮುಂಗೈ ಕಚ್ಚಿದಳು. ಅಲ್ಲಿಯ ನರ್ಸ್ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ನೆಲದ ಮೇಲೆ ಕೂತುಬಿಟ್ಟಳು. ಯಾರೂ ನೀಲಾಳನ್ನು ಹಿಡಿಯಲಿಲ್ಲ. ಒಂದು ಗಂಟೆ ನಾವೆಲ್ಲ ಹಾಗೆಯೇ ಇದ್ದೆವು. ಅಷ್ಟು ಉದ್ದದ ಗಂಟೆಯನ್ನು ನಾನು ಬೇರೆ ಕಂಡಿಲ್ಲ.

ಮರುದಿನಕ್ಕೆ ಇಟ್ಟಿದ್ದ ಆಪರೇಷನ್ ರದ್ದಾಯಿತು. ಎಂಟು ದಿನದ ಮೇಲೆ ಇನ್ನೊಂದು ದಿನ ಖಾಲಿ ಇತ್ತು. ಅದೂ ತಪ್ಪಿದರೆ ಕೈ ಮಾಯಿಸಿಕೊಳ್ಳುವಷ್ಟು ದಿನ ವೀಸಾದಲ್ಲಿ ಉಳಿಯುವುದಿಲ್ಲ, ಮೂರು ಬೆರಳು ಹೇಗಿವೆಯೋ ಹಾಗೆಯೇ ಊರಿಗೆ ಹಿಂದಿರುಗಬೇಕು.

ಮೋರಾಗ್ ಕಾಫಿ ತಂದುಕೊಟ್ಟು, ನನ್ನ ಮುಂಗೈಯ ಹಲ್ಲಿನ ಗುರುತು ನೋಡಿ ಕೇಳಿದಳು, "ನಾನು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆಯಾ?"

ಇಲ್ಲ ಎಂದೆ. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಆಟ ಮಗುವಿನ ಕಣ್ಣು ಕಟ್ಟಲಿಕ್ಕಲ್ಲ, ಏನಾಗುತ್ತದೆಂದು ಗೊತ್ತಿರುವ ಮಗುವಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಅದಕ್ಕೆ ಎಂದಳು. ನನ್ನ ವಯಸ್ಸಿಗೆ, ನನ್ನ ಹೆಸರಿಗೆ, ಆ ಮಾತು ಕೇಳಿಸಿಕೊಳ್ಳುವುದು ಸುಲಭವಿರಲಿಲ್ಲ. ನಿಮ್ಮಲ್ಲಿ ವಾರ್ಡಿಗೆ ಎಂಟು ಮಕ್ಕಳು, ನಮ್ಮಲ್ಲಿ ನಲವತ್ತು ಎಂದು ವಾದಿಸಿದೆ. ಹೌದು, ಕಷ್ಟವೇ ಎಂದಳು. ವಾದ ಮಾಡದವರ ಮುಂದೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ.

ಸಮುದ್ರದ ದಂಡೆ

ಆ ಎಂಟು ದಿನ ನಾವು ಮೂವರೂ ಸಮುದ್ರದ ದಂಡೆಯಲ್ಲಿ ಸುಮ್ಮನೆ ನಡೆದೆವು. ನೀಲಾ ಅಪ್ಪನ ಆ ಬದಿ, ನಾನು ಈ ಬದಿ.

ಅಲ್ಲಿಯದೆಲ್ಲ ಚಿನ್ನ, ನಮ್ಮದೆಲ್ಲ ಕಬ್ಬಿಣ ಎಂದು ನಾನು ಹೇಳುವುದಿಲ್ಲ. ವಾರ್ಡಿನಲ್ಲಿ ಕಾಲು ಮುರಿದ ಒಬ್ಬ ಹುಡುಗಿ ಇಡೀ ದಿನ ಅದೇ ಯಂತ್ರ ಹಿಡಿದು ಒಬ್ಬಳೇ ಇರುತ್ತಿದ್ದಳು. ಅವಳ ತಾಯಿ ಕೆಲಸ ಮುಗಿಸಿ ಸಂಜೆ ಬಂದು, ಏಳಕ್ಕೆ ಹೊರಡುತ್ತಿದ್ದಳು. ನಮ್ಮಲ್ಲಿ ಒಂದು ಮಗು ಮಲಗಿದರೆ ಚಿತ್ತವಾಡ್ಗಿಯ ಅರ್ಧ ಓಣಿ ಬುತ್ತಿ ಕಟ್ಟಿಕೊಂಡು ಬಂದು ಮಂಚದ ಕೆಳಗೆ ಮಲಗುತ್ತದೆ. ಆ ಜನರೆಲ್ಲ ಪ್ರೀತಿಯಿಂದಲೇ ಸುಳ್ಳು ಹೇಳುತ್ತಾರೆ. ಅಳುವುದನ್ನು ನೋಡಲಾರದೆ ಹೇಳುತ್ತಾರೆ. ನಾನು ಮಾತ್ರ ಕೆಲಸ ಬೇಗ ಮುಗಿಯಲೆಂದು ಹೇಳುತ್ತಿದ್ದೆ. ಇದು ಹೊಳೆದ ದಿನ ನನಗೆ ಊಟ ಸೇರಲಿಲ್ಲ.

ಐದನೆಯ ದಿನ ಮರಳಿನ ಮೇಲೆ ಕೂತಿದ್ದಾಗ ಹೇಳಿಬಿಟ್ಟೆ. "ನೀಲಾ, ಮೊನ್ನೆ ಮೋರಾಗ್ ಸೂಜಿ ಅಂತ ಹೇಳಿದ್ಲು. ಸ್ವಲ್ಪ ನೋಯ್ತತಿ ಅಂತನೂ ಹೇಳಿದ್ಲು. ನಾನಾ ನಿನಗ ಹೇಳ್ಲಿಲ್ಲ. ಆಕಿದು ತಪ್ಪಿಲ್ಲ, ನಂದು."

ಅವಳು ಸಮುದ್ರ ನೋಡುತ್ತಲೇ ಕೇಳಿದಳು, "ವಿಮಾನದ ತನಕ ಅಷ್ಟಾ ಬರ್ತೀನಿ ಅಂದದ್ದು?"

"ಸುಳ್ಳು."

"ಕಟ್ಟು ಬಿಚ್ಚಿದ್ರ ನೋವಾಗಂಗಿಲ್ಲ ಅಂತಿದ್ದಿ."

"ಅದೂ ಸುಳ್ಳು. ಭಾಳ ನೋವಾಗ್ತತಿ ಅಂತ ನನಗ ಗೊತ್ತಿತ್ತು."

"ದಿನಾ?"

"ದಿನಾ."

ಪಂಪಾಪತಿ ಎದ್ದು ನಿಂತರು. "ಸಾಕ್ರಿ ಸಿಸ್ಟರ್! ಮಗೀಗೆ ಯಾಕ ಇದನ್ನೆಲ್ಲ ಹೇಳ್ತೀರಿ? ಮೊದಲಾ ಅಂಜ್ಯಾಳ."

"ಅಪ್ಪಾ ನೀ ಸುಮ್ಕಿರು" ಎಂದಳು ನೀಲಾ. ಆಮೇಲೆ ನನ್ನ ಕಡೆ ತಿರುಗಿದಳು. "ಈಗ ಕೊಯ್ದ್ರೂ ನೋಯ್ತತೇನು?"

"ಕೊಯ್ಯುವಾಗ ನಿದ್ದಿ ಬರಸ್ತಾರ, ಗೊತ್ತಾಗಂಗಿಲ್ಲ. ಎದ್ದ ಮ್ಯಾಲ ನೋಯ್ತತಿ. ಔಷಧಿ ಕೊಡ್ತಾರ. ಕಟ್ಟು ಬಿಚ್ಚುವಾಗ ಮತ್ತ ನೋಯ್ತತಿ. ಬೆರಳು ಬಿಡತಾವು."

ಅವಳು ಮರಳಿನಲ್ಲಿ ಎಡಗೈಯಿಂದ ಒಂದು ಗುಂಡಿ ತೋಡುತ್ತ ಕೂತಳು. ಪಂಪಾಪತಿ ನೀರಿನವರೆಗೆ ಹೋಗಿ ನಿಂತು, ಬಹಳ ಹೊತ್ತಿನ ಮೇಲೆ ಹಿಂದಿರುಗಿದರು. ಕಣ್ಣು ಕೆಂಪಾಗಿತ್ತು. "ಅವತ್ತು ಕೊಪ್ಪರಿಗಿ ಹತ್ರ ನಾನಾ ಇದ್ದೆ ರೀ" ಎಂದರು, ಅಷ್ಟೇ.

ಎರಡನೆಯ ಸಲ

ಮೋರಾಗ್ ಹೊಸ ಯಂತ್ರ ತಂದಿದ್ದಳು. ಅದರಲ್ಲಿ ಆಟವನ್ನು ನಡುವೆ ನಿಲ್ಲಿಸುವ ಬಟನ್ ಒಂದಿದೆ. ಒಪ್ಪಂದ ಹೀಗೆ: ನೀಲಾ ಆ ಬಟನ್ ಒತ್ತಿದರೆ ಮೂಗಿಲಿ ನಿಲ್ಲುತ್ತದೆ, ಕೋಣೆಯಲ್ಲಿರುವವರೂ ನಿಲ್ಲಬೇಕು. ಅವಳು ಮತ್ತೆ ಒತ್ತುವವರೆಗೆ ಯಾರೂ ಅಲುಗಾಡುವಂತಿಲ್ಲ. ಈ ಸಲ ನಾನು ಒಂದು ಪದವನ್ನೂ ಬಿಡದೆ ಹೇಳಿದೆ. ಸೂಜಿಯ ಉದ್ದ ಕೇಳಿದಳು, ತೋರಿಸಿದೆ. ಮದ್ದು ಹೋಗಲು ಸಣ್ಣ ನಳಿಕೆ ಒಳಗೇ ಉಳಿಯುತ್ತದೆ, ಸೂಜಿ ಹೊರಗೆ ಬರುತ್ತದೆ ಎಂಬುದನ್ನೂ ಹೇಳಿದೆ.

ನರ್ಸ್ ಹತ್ತಿ ಎತ್ತಿಕೊಂಡಳು. ನೀಲಾ ಬಟನ್ ಒತ್ತಿದಳು. ನರ್ಸ್ ಎರಡೂ ಕೈ ಮೇಲೆತ್ತಿ ನಿಂತಳು. ಮೋರಾಗ್ ನಿಂತಳು. ನಾನು ನಿಂತೆ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಪಂಪಾಪತಿಯೂ ಪೊಲೀಸರು ಹಿಡಿದವರಂತೆ ಕೈ ಎತ್ತಿದರು. ನೀಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಟನ್ ಇನ್ನೊಮ್ಮೆ ಒತ್ತಿ ಆಟ ಮುಂದುವರಿಸಿದಳು. ನರ್ಸ್ ಪಾದ ಒರೆಸಿದಳು. ನೀಲಾ ಮತ್ತೆ ನಿಲ್ಲಿಸಿದಳು. ಮತ್ತೆ ನಾವೆಲ್ಲ ಕಲ್ಲು. ಹೀಗೆ ನಾಲ್ಕು ಸಲ ಪರೀಕ್ಷೆ ಮಾಡಿದಳು. ಹೊರಗೆ ಆಪರೇಷನ್ ಕೋಣೆಯವರು ಕಾಯುತ್ತಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ನಾನು ನೋಡಿದೆ, ಹಳೆ ಚಾಳಿ.

ಐದನೆಯ ಸಲ ನಿಲ್ಲಿಸಿದವಳು ಬಹಳ ಹೊತ್ತು ಬಟನ್ ಮತ್ತೆ ಒತ್ತಲಿಲ್ಲ. ಆಮೇಲೆ ಕಾಲನ್ನು ತಾನೇ ಒಂದಿಷ್ಟು ಮುಂದಕ್ಕೆ ಚಾಚಿ, "ಈಗ ಚುಚ್ಚು ಅನ್ನು ಆಕಿಗೆ" ಎಂದಳು. ಮೂಗಿಲಿ ಮತ್ತೆ ಕೊರೆಯತೊಡಗಿತು. ಸೂಜಿ ಹೋಗುವಾಗ ಸ್ಸ್ ಎಂದಳು. ಮಣ್ಣು ಕುಸಿದು ಮೂಗಿಲಿ ಸತ್ತಿತು.

"ಆತೇನು?"

"ಆತವ್ವ."

"ಆಟ ಕೆಡಿಸಿದ್ಲು ಆಕಿ" ಎಂದಳು ಸಿಟ್ಟಿನಿಂದ. ಅದನ್ನು ನಾನು ಇಂಗ್ಲಿಷ್ ಮಾಡಿದಾಗ ನರ್ಸ್ ಕ್ಷಮೆ ಕೇಳಿದಳು. ನಳಿಕೆಯಲ್ಲಿ ನಿದ್ದೆಯ ಮದ್ದು ಹೋದ ಮೇಲೆ ಯಂತ್ರ ಅವಳ ಎದೆಯ ಮೇಲೆ ಒರಗಿತು. ಮೋರಾಗ್ ಅದನ್ನು ತೆಗೆದು, ಎದ್ದಾಗ ಅಲ್ಲಿಂದಲೇ ಆಡಲಿ ಎಂದು ಆಟವನ್ನು ನಿಲ್ಲಿಸಿಟ್ಟಳು.

ಕಟ್ಟು ಬಿಚ್ಚಿದ ದಿನ

ಆಪರೇಷನ್ ಆದ ಏಳನೆಯ ದಿನ ಮೊದಲ ಕಟ್ಟು ಬಿಚ್ಚಬೇಕು. ನೋವಿನ ಮದ್ದು ಕೊಟ್ಟಾಗಿತ್ತು. ನೀಲಾಳಿಗೆ ಆಟ ಕೊಡಲು ಹೋದರೆ ಬೇಡ ಎಂದಳು. "ನಾ ನೋಡ್ತೀನಿ." ಅಲ್ಲಿಯ ನರ್ಸ್ ಕೈಗವಸು ಹಾಕಿಕೊಳ್ಳುತ್ತಿದ್ದಳು. ನೀಲಾ ನನ್ನ ಕಡೆ ಗದ್ದ ತೋರಿಸಿ, "ನೀ ಬಿಚ್ಚು" ಎಂದಳು.

ನನಗೆ ಕೇಳಿದ್ದು ನಿಜವೋ ಎನಿಸಿತು. "ನಾನಾ?"

"ನಿಲ್ಲು ಅಂದ್ರ ನಿಲ್ಲಬೇಕು. ಬಟನ್ ಇಲ್ಲ ಅಂತ ಮೋಸ ಮಾಡಬ್ಯಾಡ."

ಮೋರಾಗ್ ಯಾರನ್ನೋ ಕೇಳಿ ಒಪ್ಪಿಗೆ ತಂದಳು. ನಾನು ಕೈ ತೊಳೆದು ಕೂತೆ. ಹೊಸಪೇಟೆಯಲ್ಲಿ ಈ ಕೆಲಸ ನಾನು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಇಲ್ಲಿ ಮೊದಲ ಸುತ್ತಿಗೇ ಅವಳು ನಿಲ್ಲು ಎಂದಳು. ನಿಂತೆ. ಎರಡನೆಯ ಸುತ್ತಿಗೆ ಮತ್ತೆ. ಕಣ್ಣೀರು ಸುರಿಯುತ್ತಿತ್ತು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಂಪಾಪತಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಮುಕ್ಕಾಲು ಗಂಟೆಯಾಯಿತು. ಚರ್ಮಕ್ಕೆ ಅಂಟಿದ ಕೊನೆಯ ಪದರ ಒಂದೇ ಉಳಿಯಿತು.

"ನಿಲ್ಲು."

ನಿಂತೆ.

"ನಮ್ಮೂರಾಗೂ ಹಿಂಗಾ ನಿಲ್ತೀಯೇನು? ಬ್ಯಾರೆ ಹುಡುಗ್ರು ನಿಲ್ಲು ಅಂದ್ರ?"

ಹೂಂ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಳುವ ಮಗುವಿಗೆ ಅಷ್ಟು ಹೇಳಿದರೆ ಏನು ಗಂಟು ಹೋಗುತ್ತಿತ್ತು? ನಮ್ಮ ವಾರ್ಡು ಕಣ್ಣ ಮುಂದೆ ಬಂತು. ನಲವತ್ತು ಮಂಚ, ಇಬ್ಬರು ನರ್ಸ್, ಬಾಗಿಲಿನ ಹೊರಗೆ ಸಾಲು, ಬೇಗ ಮುಗಿಸ್ರಿ ಎನ್ನುವ ಡಾಕ್ಟರು.

"ಗೊತ್ತಿಲ್ಲವ್ವ" ಎಂದೆ. "ನಿಲ್ಲಬೇಕು ಅಂತ ಆಸೆ ಐತಿ. ಎಲ್ಲಾರಿಗೂ ನಿಲ್ಲಾಕ ಆಗ್ತತೋ ಇಲ್ಲೋ, ನಿಜವಾಗಿ ಗೊತ್ತಿಲ್ಲ."

ನೀಲಾ ನನ್ನನ್ನು ನೋಡುತ್ತಲೇ ಇದ್ದಳು. ಇನ್ನೊಂದು ಕೈಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಲಗೈಯನ್ನು ನನ್ನ ಅಂಗೈ ಮೇಲೆ ಇನ್ನಷ್ಟು ಮುಂದಕ್ಕೆ ಸರಿಸಿ ಇಟ್ಟಳು.

"ಹೂಂ, ತಗಿ."

ಕೊನೆಯ ಪದರ ತೆಗೆದೆ. ಅವಳು ಕಿರುಚಿದಳು, ಆದರೆ ಮುಷ್ಟಿ ಹಿಡಿಯಲಿಲ್ಲ. ಐದು ಬೆರಳೂ ಬೇರೆ ಬೇರೆಯಾಗಿ ನನ್ನ ಕೈಯಲ್ಲಿ ಬಿಚ್ಚಿಕೊಂಡಿದ್ದವು.